ಕರಿಹಲಗೆಯ ನೀತಿವಾಕ್ಯವೂ ವೇಮನ ಸರ್ವಜ್ಞರೂ

ನಮ್ಮ ಗಡಿಸೀಮೆಯ ಶಾಲೆಗಳಲ್ಲಿ ಪ್ರಾರ್ಥನೆ ಮುಗಿದೊಡನೆ ಒಂದು ನೀತಿವಾಕ್ಯವನ್ನು ಓದಿಸಿ, ಅದನ್ನೇ ಕರಿಹಲಗೆಯ ಮೇಲ್ತುದಿಯಲ್ಲಿ ಬರೆಯಿಸುವ ರೂಢಿ ಬಹುಕಾಲದಿಂದ ನಡೆದುಬಂದಿದೆ. ಕನ್ನಡದವರು ಇದನ್ನು ಸುಭಾಷಿತವೆನ್ನುವರು, ತೆಲುಗಿನವರು ಮಂಚಿ ಮಾಟ ಎನ್ನುವರು. ಹಿಂದೆ ಇದಕ್ಕೆ ಆಧಾರ ಉಪಾಧ್ಯಾಯರ ಟಿಪ್ಪಣಿ ಪುಸ್ತಕವಾಗಿತ್ತು. ಬಳಿಕ ಅಚ್ಚಾದ ಸಂಕಲನಗಳು ಬಂದವು. ಈಗ ಬೆಳಗಾಗುವ ಮುನ್ನವೇ ಮೊಬೈಲಿನಲ್ಲಿ ಹತ್ತಾರು ಸೂಕ್ತಿಗಳು ಬಂದು ಕುಳಿತಿರುತ್ತವೆ. ಸಾಮಗ್ರಿಗೆ ಕೊರತೆಯಿಲ್ಲ. ಆದರೆ ಅದರ ಗುಣಾವಗುಣಗಳನ್ನು ಸಾಹಿತ್ಯದೃಷ್ಟಿಯಿಂದ ಪರೀಕ್ಷಿಸಿದವರು ವಿರಳ. ಪ್ರಕೃತ ಲೇಖನದಲ್ಲಿ ಆ ಕೆಲಸವನ್ನು ಅಷ್ಟಿಷ್ಟು ಮಾಡಲು ಯತ್ನಿಸುತ್ತೇವೆ.

ಸರ್ಕಾರದ ಮಟ್ಟದಲ್ಲಿ ಈ ವಿಚಾರ ಹೊಸದೇನಲ್ಲ. 1959ರಲ್ಲಿ ನೇಮಕಗೊಂಡು ಮರುವರ್ಷ ವರದಿ ಒಪ್ಪಿಸಿದ ಶ್ರೀಪ್ರಕಾಶ ಸಮಿತಿಯು, ದಿನದ ಪಾಠಕ್ಕೆ ಮೊದಲು ಕೆಲವು ನಿಮಿಷಗಳ ಮೌನಧ್ಯಾನವಿರಲಿ ಎಂದಿತು. 1964–66ರ ಕೊಠಾರಿ ಆಯೋಗವು ವಾರಕ್ಕೆ ಒಂದೆರಡು ಪೀರಿಯಡ್ಡುಗಳನ್ನು ಇದಕ್ಕಾಗಿ ಇರಿಸಬೇಕೆಂದೂ, ಅವನ್ನು ಶಾಲೆಯ ಸಾಮಾನ್ಯ ಉಪಾಧ್ಯಾಯರೇ ನಡೆಸಬೇಕೆಂದೂ ಸೂಚಿಸಿತು. ಎರಡು ವರದಿಗಳೂ ಕೇಳಿದುದು ಕಾಲಾವಕಾಶವನ್ನು. ನಾವು ಉಳಿಸಿಕೊಂಡಿರುವುದು ಒಂದು ಸಾಲನ್ನು.

ಆ ಸಾಲು ಎಲ್ಲಿಂದ ಬರುತ್ತದೆಂಬುದನ್ನು ನೋಡಬೇಕು. ಸಂಕಲನಗಳಲ್ಲಿ ಇಂಗ್ಲಿಷ್ ಗಾದೆಗಳ ಭಾಷಾಂತರ ಹೇರಳವಾಗಿದೆ. ‘ಪ್ರಾಮಾಣಿಕತೆಯೇ ಅತ್ಯುತ್ತಮ ನೀತಿ’ ಎಂಬುದನ್ನು ಬರೆಯದ ಶಾಲೆಯಿಲ್ಲ. ಮೂಲದಲ್ಲಿರುವ ‘ಪಾಲಿಸಿ’ ಎಂಬ ಮಾತಿಗೆ ನೀತಿಯೆಂಬ ಅರ್ಥಕ್ಕಿಂತ ವ್ಯವಹಾರದ ಉಪಾಯವೆಂಬ ಅರ್ಥವೇ ಹತ್ತಿರ. ಲಾಭದ ಲೆಕ್ಕಾಚಾರದ ಮಾತೊಂದು ಕನ್ನಡಕ್ಕೆ ಬರುವಾಗ ಧರ್ಮೋಪದೇಶದ ವೇಷ ತೊಟ್ಟಿದೆ. ಇನ್ನು ವಿವೇಕಾನಂದರ, ಅಬ್ದುಲ್ ಕಲಾಮರ ಹೆಸರಿನಲ್ಲಿ ಬರುವ ಎಷ್ಟೋ ಮಾತುಗಳಿಗೆ ಗ್ರಂಥದ ಹೆಸರಾಗಲಿ ಸಂದರ್ಭವಾಗಲಿ ಇರುವುದೇ ಇಲ್ಲ. ಸತ್ಯವನ್ನು ಬೋಧಿಸುವ ವಾಕ್ಯದ ಕೆಳಗೆ ಸುಳ್ಳು ಹೆಸರಿರುವುದು ಎಂತಹ ವಿಪರ್ಯಾಸ!

ಆದರೆ ಹೆಚ್ಚಿನ ನಷ್ಟ ಆಗಿರುವುದು ನಮ್ಮ ಮನೆಯ ಬದುಕಿನಲ್ಲಿಯೇ. ವೇಮನನು ಈ ಸೀಮೆಗೆ ಹೊರಗಿನವನಲ್ಲ. ಅವನ ಸಮಾಧಿಯೆಂದು ಜನರು ನಡೆದುಕೊಳ್ಳುವ ಸ್ಥಳ ಕದಿರಿಯ ಕಡೆಯ ಕಟಾರುಪಲ್ಲಿಯಲ್ಲಿದೆ. 2022ರ ಏಪ್ರಿಲಿನಲ್ಲಿ ಅನಂತಪುರ ಜಿಲ್ಲೆಯನ್ನು ಒಡೆದು ಶ್ರೀ ಸತ್ಯಸಾಯಿ ಜಿಲ್ಲೆಯನ್ನು ಮಾಡಿದಾಗ ರೊದ್ದವೂ ಕಟಾರುಪಲ್ಲಿಯೂ ಅದರಲ್ಲಿ ಸೇರಿದವು. ಕಲ್ಯಾಣದುರ್ಗ ಅನಂತಪುರದಲ್ಲಿಯೇ ಉಳಿಯಿತು. ಆ ಕಲ್ಯಾಣದುರ್ಗದ ಸೀಮೆಯಲ್ಲಿ ಹುಟ್ಟಿದ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು (1893–1979) ವೇಮನನನ್ನು ಕುರಿತು ನೀಡಿದ ಉಪನ್ಯಾಸಗಳು ಗ್ರಂಥವಾಗಿ ಬಂದಿವೆ. ಮೈಸೂರು ಮಹಾರಾಜಾ ಕಾಲೇಜಿನಲ್ಲಿ ತೆಲುಗನ್ನು ಬೋಧಿಸಿ, ಕನ್ನಡದಲ್ಲಿಯೂ ಬರೆದ ಶರ್ಮರು ನಮ್ಮ ಗಡಿನಾಡಿನ ಎರಡು ಭಾಷೆಗಳಿಗೂ ಸಲ್ಲತಕ್ಕವರು.

ವೇಮನನ ಆಟವೆಲದಿಗೆ ನಾಲ್ಕು ಪಾದಗಳು. ಉಪ್ಪು ಕರ್ಪೂರಗಳ ಪ್ರಸಿದ್ಧ ಪದ್ಯವನ್ನು ನೋಡೋಣ. ನೋಟಕ್ಕೆ ಒಂದೇ ಬಗೆಯಾಗಿರುವ ಎರಡು ವಸ್ತುಗಳನ್ನು ಕವಿ ಮೊದಲು ಕಣ್ಣಮುಂದೆ ಇಡುತ್ತಾನೆ, ಅನಂತರ ರುಚಿ ನೋಡಿಸುತ್ತಾನೆ, ಆಮೇಲೆ ಮನುಷ್ಯರ ಕಡೆಗೆ ತಿರುಗುತ್ತಾನೆ, ಕೊನೆಗೆ ಅಂಕಿತ. ಕರಿಹಲಗೆಗೆ ಬರುವುದು ಮೂರನೆಯ ಪಾದದ ಸಾರಾಂಶ ಮಾತ್ರ: ಸಜ್ಜನರು ಇತರರಿಗಿಂತ ಭಿನ್ನರು. ಉಪ್ಪು ಹೋಯಿತು, ಕರ್ಪೂರ ಹೋಯಿತು, ನಾಲಗೆಯ ಪರೀಕ್ಷೆಯೂ ಹೋಯಿತು. ಉಳಿದ ವಾಕ್ಯವನ್ನು ಹುಡುಗನು ಒಪ್ಪಬಹುದೇ ಹೊರತು ಕಾಣಲಾರ. ನೋಟವನ್ನು ನಂಬಿ ಜನರನ್ನು ಅಳೆಯಬೇಡವೆಂಬ ಎಚ್ಚರವೇ ಪದ್ಯದ ಜೀವವಾಗಿರಲು, ಆ ಎಚ್ಚರವನ್ನು ಹುಟ್ಟಿಸತಕ್ಕ ಭಾಗವನ್ನೇ ನಾವು ಕತ್ತರಿಸಿದ್ದೇವೆ. ಎರಡು ತಟ್ಟೆಗಳಲ್ಲಿ ಉಪ್ಪನ್ನೂ ಪುಡಿಮಾಡಿದ ಕರ್ಪೂರವನ್ನೂ ಇಟ್ಟು, ಮುಟ್ಟದೆ ಗುರುತಿಸಿರೆಂದು ಕೇಳಿದರೆ ಪಾಠ ಅಲ್ಲಿಯೇ ಆರಂಭವಾಗುತ್ತದೆ. (ರುಚಿ ನೋಡುವ ಭಾಗವನ್ನು ಪದ್ಯಕ್ಕೇ ಬಿಡತಕ್ಕದ್ದು, ಇಂದಿನ ಕರ್ಪೂರ ಬಾಯಿಗೆ ಹಾಕುವಂಥದಲ್ಲ, ವಾಸನೆಯೇ ಸಾಕು.)

ಅಂಕಿತಪಾದವನ್ನು ಬಿಡುವುದು ಇನ್ನೂ ದೊಡ್ಡ ಲೋಪವೆಂದು ನಮ್ಮ ಅಭಿಪ್ರಾಯ. ಅದರ ಮೊದಲ ಮಾತುಗಳ ಅರ್ಥವನ್ನು ಕುರಿತು ಪಂಡಿತರಲ್ಲಿ ಮತಭೇದವಿದೆ. ಆದರೆ ‘ಕೇಳು’ ಎಂದು ಹೇಳಿಸಿಕೊಳ್ಳುವವನು ವೇಮನೇ ಎಂಬುದು ಸ್ಪಷ್ಟ. ನೀತಿಯನ್ನು ಕವಿ ಮೊದಲು ತನಗೆ ತಾನೇ ಹೇಳಿಕೊಳ್ಳುತ್ತಾನೆ. ನಾವು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತೇವೆ. ಬಸವಣ್ಣನವರು ಕೂಡಲಸಂಗಮದೇವನ ಮುಂದೆ ತಮ್ಮನ್ನೇ ಒರೆಗೆ ಹಚ್ಚಿಕೊಳ್ಳುವ ರೀತಿಯೂ ಇದೇ. ಅಂಕಿತವನ್ನು ತೆಗೆದೊಡನೆ ಮಾತಿನ ದಿಕ್ಕು ಬದಲಾಗುತ್ತದೆ. ಹೇಳುವವನು ಉಪಾಧ್ಯಾಯ, ತಿದ್ದಿಕೊಳ್ಳಬೇಕಾದವನು ಹುಡುಗ. ಉಪಾಧ್ಯಾಯನಿಗೆ ಅದರಿಂದ ಏನೂ ತೊಂದರೆಯಿಲ್ಲ. ಈ ವಾಕ್ಯಗಳು ಇಷ್ಟು ಜನಪ್ರಿಯವಾಗಿರುವುದಕ್ಕೆ ಅದೂ ಒಂದು ಕಾರಣವಿರಬಹುದು.

ಆಯ್ಕೆಯಲ್ಲಿಯೂ ಅಳುಕು ಕಾಣುತ್ತದೆ. ಸಿ. ಪಿ. ಬ್ರೌನ್ 1829ರಲ್ಲಿ ವೇಮನನ ಪದ್ಯಗಳನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅಚ್ಚು ಹಾಕಿಸಿದಾಗ, ನೀತಿ ಮತ್ತು ಧರ್ಮಗಳೊಡನೆ ವಿಡಂಬನೆಯನ್ನೂ ಗ್ರಂಥದ ಶೀರ್ಷಿಕೆಯಲ್ಲಿಯೇ ಹೆಸರಿಸಿದನು. ನಮ್ಮ ಸಂಕಲನಕಾರರು ವಿಡಂಬನೆಯನ್ನು ಕೈಬಿಟ್ಟು ಉಳಿದುದನ್ನು ಹಂಚಿದರು. ಕನ್ನಡದ ಸರ್ವಜ್ಞನಿಗೂ ಇದೇ ಗತಿ. ಉತ್ತಂಗಿ ಚನ್ನಪ್ಪನವರು ಊರೂರು ಅಲೆದು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ಸರ್ವಜ್ಞನ ವಚನಗಳಲ್ಲಿ ಡಾಂಭಿಕ ಗುರುಗಳನ್ನೂ ಕುಲದ ಅಹಂಕಾರವನ್ನೂ ಹಂಗಿಸುವವು ಎಷ್ಟೋ ಇವೆ. ವಿದ್ಯೆ ದೊಡ್ಡದು, ಸೋಮಾರಿತನ ಕೆಟ್ಟದ್ದು ಎಂಬಂಥವು ಮಾತ್ರ ಗೋಡೆಗೆ ಏರಿದವು. ಕೀಳೆನಿಸಿಕೊಂಡವನ ಮನೆಯ ದೀಪದ ಬೆಳಕಿಗೂ ಕೀಳುತನವುಂಟೇ ಎಂದು ಸರ್ವಜ್ಞನು ಕೇಳಿದ್ದು ಪ್ರಶ್ನೆಯ ರೂಪದಲ್ಲಿ. ಅದನ್ನು ‘ಜಾತಿಭೇದ ಮಾಡಬಾರದು’ ಎಂದು ಬರೆದರೆ ಪ್ರಶ್ನೆ ಸಾಯುತ್ತದೆ. ಪ್ರಶ್ನೆಯಾಗಿಯೇ ಇಟ್ಟರೆ, ಮಧ್ಯಾಹ್ನದ ಊಟದ ಸಾಲಿನಲ್ಲಿ ಯಾರ ಪಕ್ಕ ಯಾರು ಕುಳಿತರು, ಯಾರು ಎದ್ದು ಬೇರೆಡೆ ಹೋದರು ಎಂಬುದರವರೆಗೆ ಅದು ಹೋಗುತ್ತದೆ. ನಮ್ಮ ಊರುಗಳಲ್ಲಿ ಅಲ್ಲಿಯವರೆಗೆ ಹೋಗುವುದು ಅವಶ್ಯವಾಗಿದೆ.

ಹಳೆಯದೆಲ್ಲ ಉತ್ತಮವೆಂದು ಇದರಿಂದ ಸಾಧಿಸಹೊರಟಿಲ್ಲ. ಬದ್ದೆನನ ಹೆಸರಿನಲ್ಲಿರುವ ಸುಮತಿ ಶತಕದಲ್ಲಿ, ನಮ್ಮ ಸೋಮೇಶ್ವರ ಶತಕದಲ್ಲಿ ಲೋಕಾನುಭವ ದಟ್ಟವಾಗಿದೆ, ಮಾತಿನ ಬಿಗಿ ಮೆಚ್ಚತಕ್ಕದ್ದು. ಆದರೂ ಅವು ಅರಸರ ಕಾಲದ ನೀತಿ. ಸ್ತ್ರೀಯರನ್ನು ಕುರಿತ ಮಾತುಗಳು ಸುಮತಿ ಶತಕದಲ್ಲಿ ಹೇಗಿವೆಯೆಂಬುದು ಓದಿದವರಿಗೆ ಗೊತ್ತು. ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲಿ ಕುಳಿತಿರುವಾಗ ಅವನ್ನು ಹೇಗೆ ಓದಿಸುವುದು?

ನೆರೆಯ ಪುಟ್ಟಪರ್ತಿಯ ಉದಾಹರಣೆಯನ್ನೂ ಇಲ್ಲಿ ಗಮನಿಸಬೇಕು. 1969ರಲ್ಲಿ ಆರಂಭವಾದ ಬಾಲವಿಕಾಸದ ಬೆನ್ನಿಗೆ ಬೆಳೆದ ಮಾನವೀಯ ಮೌಲ್ಯಗಳ ಶಿಕ್ಷಣಕ್ರಮದಲ್ಲಿ ಸತ್ಯ, ಧರ್ಮ, ಶಾಂತಿ, ಪ್ರೇಮ, ಅಹಿಂಸೆಗಳನ್ನು ಬೋಧಿಸಲು ಐದು ವಿಧಾನಗಳಿವೆ: ಮೌನಾಸನ, ಸೂಕ್ತಿ, ಕಥನ, ಸಾಮೂಹಿಕ ಗಾಯನ, ಸಾಮೂಹಿಕ ಚಟುವಟಿಕೆ. ಅದರ ಭಕ್ತಿಯ ಹಿನ್ನೆಲೆ ಬೇರೆಯ ವಿಷಯ. ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಸಲ್ಲದೆಂದು ಸಂವಿಧಾನದ 28ನೆಯ ಅನುಚ್ಛೇದ ಹೇಳುತ್ತದೆ. ಬೋಧನಕ್ರಮದ ದೃಷ್ಟಿಯಿಂದ ಮಾತ್ರ ಒಂದಂಶ ಗ್ರಾಹ್ಯ. ಅಲ್ಲಿ ಸೂಕ್ತಿ ಒಂಟಿಯಾಗಿಲ್ಲ. ಕಥೆಯೂ ಹಾಡೂ ಕೆಲಸವೂ ಅದರ ಸುತ್ತ ಇವೆ. ಗೋವಿನ ಹಾಡನ್ನು ಕೇಳಿ ಕಣ್ಣೀರಿಟ್ಟ ಮಗುವಿಗೆ ಸತ್ಯದ ವ್ಯಾಖ್ಯಾನ ಬೇಕಾಗುವುದಿಲ್ಲವೆಂಬುದನ್ನು ನಮ್ಮ ಹಳೆಯ ಪಾಠಪುಸ್ತಕಗಳೂ ಬಲ್ಲವು.

ಭಾಷೆಯ ಪ್ರಶ್ನೆಯೊಂದು ಉಳಿದಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡುವ ಮಗುವಿಗೆ ಯಾವ ಭಾಷೆಯ ನೀತಿವಾಕ್ಯ? ಪ್ರಾಥಮಿಕ ಹಂತದಲ್ಲಿ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣಸೌಲಭ್ಯವಿರಬೇಕೆಂದು 1956ರಲ್ಲಿ ಸೇರಿದ 350ಎ ಅನುಚ್ಛೇದ ಹೇಳಿದೆ. ಆ ಹಕ್ಕಿನ ಚರ್ಚೆಗೆ ಬೇರೆ ಲೇಖನವೇ ಬೇಕು. ನಾವು ಹೇಳುವುದಿಷ್ಟೇ: ಉಪ್ಪು ಎರಡು ಭಾಷೆಗಳಲ್ಲಿಯೂ ಉಪ್ಪೇ, ರುಚಿ ಎರಡರಲ್ಲಿಯೂ ರುಚಿಯೇ. ವೇಮನನ ಪದ್ಯವನ್ನು ಕನ್ನಡ ಲಿಪಿಯಲ್ಲಿಯೂ ಸರ್ವಜ್ಞನ ತ್ರಿಪದಿಯನ್ನು ತೆಲುಗು ಲಿಪಿಯಲ್ಲಿಯೂ ಬರೆದು ಕೊಟ್ಟರೆ, ನೆರೆಯವನ ಮಾತು ಅಷ್ಟೇನೂ ದೂರವಿಲ್ಲವೆಂಬುದು ಮಗುವಿಗೆ ಓದುತ್ತಲೇ ತಿಳಿಯುತ್ತದೆ.

ಸಂಘದವರು ಇಂತಹ ಸಂಕಲನವೊಂದನ್ನು ಹೊರತರುವುದಾದರೆ ದಿನಕ್ಕೊಂದರಂತೆ ಲೆಕ್ಕ ಹಾಕದೆ ವಾರಕ್ಕೊಂದು ಪದ್ಯವನ್ನು ಇಡಬೇಕು. ವರ್ಷಕ್ಕೆ ನಲವತ್ತು ಸಾಕು: ಇಪ್ಪತ್ತು ತೆಲುಗು, ಇಪ್ಪತ್ತು ಕನ್ನಡ. ಪೂರ್ಣಪಾಠ, ಅಂಕಿತಸಹಿತ, ಯಾವ ಗ್ರಂಥದಿಂದ ತೆಗೆದುದೆಂಬ ವಿವರದೊಡನೆ ಎರಡೂ ಲಿಪಿಗಳಲ್ಲಿ ಅಚ್ಚಾಗಲಿ. ಎದುರು ಪುಟವನ್ನು ಖಾಲಿ ಬಿಡಬೇಕು. ಆ ವಾರ ತಾನು ಕಂಡ ಸಂಗತಿಯನ್ನು ಮಗು ಅಲ್ಲಿ ಬರೆಯಲಿ. ಉಪಾಧ್ಯಾಯನಿಗೂ ಅಂತಹದೇ ಒಂದು ಪ್ರತಿಯನ್ನು ಕೊಡತಕ್ಕದ್ದು.