ಕಬ್ಬಿಣದ ಭಿಕ್ಷೆ: ಯುದ್ಧದ ಉಳಿಕೆ ಮತ್ತು ‘ಮರುಬಳಕೆ’ಯ ಪರಿಭಾಷೆ

1

ಯುದ್ಧ ಮುಗಿದ ಮೇಲೆ ನೆಲದಲ್ಲಿ ಉಳಿಯುವ ಲೋಹವನ್ನು ಕುರಿತು ಇಂದು ಎರಡು ಬಗೆಯ ಮಾತುಗಳು ಪ್ರಚಲಿತವಾಗಿವೆ. ಮೊದಲನೆಯದು ಪ್ರಭುತ್ವದ ಮಾತು. ಅದು ಉಳಿಕೆಯನ್ನು ಪರಂಪರೆಯೆಂದೂ ತಂತ್ರಜ್ಞಾನದ ಸಾಧನೆಯೆಂದೂ ಹೆಸರಿಸಿ ವಸ್ತುಸಂಗ್ರಹಾಲಯದಲ್ಲಿ ಇರಿಸುತ್ತದೆ. ಎರಡನೆಯದು ಪ್ರವಾಸಿಗರ, ಛಾಯಾಚಿತ್ರಕಾರರ ಹಾಗೂ ಅಭಿವೃದ್ಧಿ ಸಂಸ್ಥೆಗಳ ಮಾತು. ಅದು ಬಾಂಬಿನ ಕವಚದಿಂದ ಚಮಚ ಮಾಡುವ, ದೋಣಿ ಮಾಡುವ ಹಳ್ಳಿಗರ ಜಾಣ್ಮೆಯನ್ನು ‘ಸೃಜನಶೀಲ ಮರುಬಳಕೆ’ ಎಂದು ಕೊಂಡಾಡುತ್ತದೆ. ಈ ಎರಡೂ ಮಾತುಗಳಲ್ಲಿ ಒಂದು ಪ್ರಶ್ನೆ ಬಿಟ್ಟುಹೋಗಿದೆ. ಲೋಹ ಯಾರದಾಗಿತ್ತು, ಅದು ಯಾರಿಗೆ ಬೇಕಾಯಿತು, ಅದನ್ನು ಪಡೆಯುವ ಅಪಾಯವನ್ನು ಯಾರು ಹೊತ್ತರು ಎಂಬುದೇ ಆ ಪ್ರಶ್ನೆ.

ಈ ಪ್ರಶ್ನೆಯನ್ನು ಕೇಳಲು ಬೇಕಾದ ಪರಿಭಾಷೆ ನಮ್ಮಲ್ಲಿಯೇ ಇದೆ ಎಂಬುದು ಪ್ರಸ್ತುತ ಪ್ರಬಂಧದ ನಿಲುವು. ನಂಜನಗೂಡು, ತಿರುಮಕೂಡಲು ನರಸೀಪುರ, ಮಳವಳ್ಳಿ, ಕೊಳ್ಳೇಗಾಲ ಸೀಮೆಗಳಲ್ಲಿ ನೀಲಗಾರರು ತಂಬೂರಿ, ಗಗ್ಗರಗಳೊಡನೆ ಹಾಡಿಕೊಂಡು ಬಂದಿರುವ ಮಂಟೇಸ್ವಾಮಿ ಕಾವ್ಯದಲ್ಲಿ ಸಿದ್ಧಪ್ಪಾಜಿಯು ಹಲಗೂರಿನ ಪಾಂಚಾಳರಲ್ಲಿ ಕಬ್ಬಿಣವನ್ನು ಬೇಡುವ ಪ್ರಸಂಗವೇ ಆ ಪರಿಭಾಷೆಯ ನೆಲೆ. ಇದೇ ಸೀಮೆ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮೈಸೂರು ಯುದ್ಧಗಳ ದಾರಿಯಾಗಿತ್ತು. ಆದುದರಿಂದ ಕಾವ್ಯದ ಕಬ್ಬಿಣವನ್ನೂ ಚರಿತ್ರೆಯ ಕಬ್ಬಿಣವನ್ನೂ ಜೊತೆಯಾಗಿಟ್ಟು ಓದಲು ಇಲ್ಲಿ ಪ್ರಯತ್ನಿಸಲಾಗಿದೆ.

2

1799ರ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಟಿಪ್ಪು ಸುಲ್ತಾನನ ಸೈನ್ಯಕ್ಕೂ ಜನರಲ್ ಹ್ಯಾರಿಸನ ಸೈನ್ಯಕ್ಕೂ ಕಾಳಗ ನಡೆಯಿತು. ಆ ತಿಂಗಳ ಕೊನೆಯಲ್ಲಿ ಬ್ರಿಟಿಷ್ ಸೈನ್ಯವು ಇಂದಿನ ತಿ. ನರಸೀಪುರ ತಾಲ್ಲೂಕಿನ ಸೋಸಲೆಯ ಬಳಿ ಕಾವೇರಿಯನ್ನು ದಾಟಿ ಶ್ರೀರಂಗಪಟ್ಟಣದ ಕಡೆಗೆ ಸಾಗಿತು. ಮೇ 4ರಂದು ಕೋಟೆ ಬಿದ್ದಿತು. ಕೋಟೆಯಲ್ಲಿ ವಶವಾದ ಫಿರಂಗಿಗಳ ಸಂಖ್ಯೆ 929. ರಾಕೆಟ್ಟುಗಳ ಇತಿಹಾಸವನ್ನು ಅಭ್ಯಸಿಸಿದ ವಿಜ್ಞಾನಿ ರೊದ್ದಂ ನರಸಿಂಹ ಅವರು ಕೊಡುವ ಲೆಕ್ಕದಂತೆ, ಉಪಯೋಗಕ್ಕೆ ಸಿದ್ಧವಾಗಿದ್ದ 700 ರಾಕೆಟ್ಟುಗಳೂ ಮದ್ದು ತುಂಬದ 9,000 ರಾಕೆಟ್ಟುಗಳೂ ಅಲ್ಲಿ ದೊರೆತವು.

ಚರಿತ್ರಕಾರರು 700ರ ಕಡೆಗೆ ನೋಡಿದ್ದಾರೆ. 9,000ದ ಕಡೆಗೆ ನೋಡಿದವರು ಕಡಿಮೆ. ಮದ್ದು ತುಂಬದ ರಾಕೆಟ್ಟು ಎಂದರೆ ಒಂದು ಕಬ್ಬಿಣದ ಕೊಳವೆ. ಮೈಸೂರಿನ ರಾಕೆಟ್ಟಿನ ವಿಶೇಷವೂ ಅದೇ. ಬೇರೆಡೆ ಕಾಗದದ ಅಥವಾ ಬಿದಿರಿನ ಕೊಳವೆಯಲ್ಲಿ ಮದ್ದನ್ನು ತುಂಬುತ್ತಿದ್ದರೆ ಇಲ್ಲಿ ಬಡಿದು ಸುತ್ತಿದ ಕಬ್ಬಿಣದ ಕೊಳವೆ ಮದ್ದಿನ ಒತ್ತಡವನ್ನು ತಡೆದು ರಾಕೆಟ್ಟನ್ನು ಹೆಚ್ಚು ದೂರಕ್ಕೆ ಕಳುಹುತ್ತಿತ್ತು. ಆ ಕೊಳವೆಯನ್ನು ಮಾಡಿದವನು ಕಮ್ಮಾರ. ಗುಳ, ಕುಡುಗೋಲು, ಗುದ್ದಲಿ, ಗಾಡಿಯ ಚಕ್ರದ ಪಟ್ಟಾ ಇವುಗಳನ್ನು ಬಡಿದ ಕೈಯೇ ಆ ಕೊಳವೆಯನ್ನೂ ಬಡಿಯಿತು. ಅದಕ್ಕೆ ಬೇಕಾದ ಕಬ್ಬಿಣವೂ ದೂರದಿಂದ ಬಂದುದಲ್ಲ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಹಳ್ಳಿಗಾಡಿನ ಕಬ್ಬಿಣದ ಒಲೆಗಳನ್ನು ಕುರಿತು ವಿವರವಾಗಿ ಬರೆದಿದ್ದಾನೆ. ಸೇನೆಯ ಕಬ್ಬಿಣ ಮತ್ತು ಊರಿನ ಕಬ್ಬಿಣ ಒಂದೇ ಮೂಲದವು.

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, 2002ರಲ್ಲಿ ಒಂದು ಬಾವಿಯಿಂದ ಕಬ್ಬಿಣದ ಕೊಳವೆಗಳು ದೊರೆತವು. ಅವು ರಾಕೆಟ್ಟುಗಳೆಂದು ಗುರುತಿಸಲು ಹಲವು ವರ್ಷಗಳು ಬೇಕಾದವು. 2018ರ ಜುಲೈನಲ್ಲಿ ಪುರಾತತ್ತ್ವ ಇಲಾಖೆಯು ಅಲ್ಲಿ ಉತ್ಖನನ ನಡೆಸಿದಾಗ ಸಾವಿರಕ್ಕೂ ಹೆಚ್ಚು ಕೊಳವೆಗಳು ಕೆಸರಿನಿಂದ ಹೊರಬಂದವು. ಅವನ್ನು ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಸೇರಿಸಲಾಯಿತು. ಈ ಶೋಧದ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಶ್ರೀರಂಗಪಟ್ಟಣದಲ್ಲಿಯೇ ಒಂಬತ್ತು ಸಾವಿರ ಕೊಳವೆಗಳಿದ್ದವೆಂದ ಮೇಲೆ ಇಷ್ಟು ದೊಡ್ಡ ರಾಶಿ ದೂರದ ಮಲೆನಾಡಿನ ಒಂದು ಬಾವಿಯಲ್ಲಿ ಮಾತ್ರ ಏಕೆ ಉಳಿಯಿತು ಎಂದು ಕೇಳಬೇಕಾಗುತ್ತದೆ. ಕೆಸರು ಮುಚ್ಚಿದ್ದರಿಂದ ಅದು ಯಾರ ಕೈಗೂ ಸಿಗಲಿಲ್ಲ ಎಂಬುದೇ ಸಹಜವಾದ ಉತ್ತರ. ಕೈಗೆ ಸಿಕ್ಕ ಕಬ್ಬಿಣ ಕುಲುಮೆಯನ್ನು ಸೇರಿರಬೇಕು ಎಂದು ಊಹಿಸುವುದು ತಪ್ಪಾಗಲಾರದು. ಕಬ್ಬಿಣ ದುಬಾರಿಯಾಗಿದ್ದ ಕಾಲದಲ್ಲಿ ಅದನ್ನು ಬಯಲಿನಲ್ಲಿ ಬಿಟ್ಟವರಿಲ್ಲ. ಹಾಗಾದರೆ ವಸ್ತುಸಂಗ್ರಹಾಲಯದಲ್ಲಿರುವುದು ಕಮ್ಮಾರನ ಕೈಗೆ ಎಟುಕದೆ ಉಳಿದ ಭಾಗ ಮಾತ್ರ. ಅವನ ಕೈಗೆ ಎಟುಕಿದ್ದು ಹೊಲದ ಗುಳವಾಗಿ ಸವೆದು ಮಣ್ಣಾಗಿದೆ. ಅದಕ್ಕೆ ಶಾಸನವಿಲ್ಲ, ಫಲಕವಿಲ್ಲ.

3

ಕಬ್ಬಿಣವೆಂಬ ವಸ್ತು ಹಳ್ಳಿಯ ಬದುಕಿನಲ್ಲಿ ಯಾವ ಸ್ಥಾನವನ್ನು ಪಡೆದಿತ್ತು ಎಂಬುದನ್ನು ತಿಳಿಯಲು ದಾಖಲೆಗಳಿಗಿಂತ ಕಾವ್ಯವೇ ಹೆಚ್ಚು ನೆರವಾಗುತ್ತದೆ. ಮಂಟೇಸ್ವಾಮಿಯು ತನ್ನ ಶಿಶುಮಗನಾದ ಸಿದ್ಧಪ್ಪಾಜಿಯನ್ನು ಬೊಪ್ಪೇಗೌಡನಪುರದ ಮಠಕ್ಕಾಗಿ ಕಬ್ಬಿಣದ ಭಿಕ್ಷೆಯನ್ನು ತರಲು ಹಲಗೂರಿಗೆ ಕಳುಹುತ್ತಾನೆ. ಅಲ್ಲಿನ ಪಾಂಚಾಳರು ಕುಲುಮೆಗಳ ಒಡೆಯರು, ಸಿರಿವಂತರು. ಅವರು ಕೊಡಲು ಒಪ್ಪದೆ ಬೇಡಲು ಬಂದವನನ್ನು ಕಠಿಣ ಪರೀಕ್ಷೆಗಳಿಗೆ ಒಡ್ಡುತ್ತಾರೆ. ಅವನು ಪವಾಡಗಳನ್ನು ಗೆದ್ದು ಕಬ್ಬಿಣವನ್ನು ಪಡೆಯುತ್ತಾನೆ. ವಿವರಗಳು ಗಾಯಕರಿಂದ ಗಾಯಕರಿಗೆ ಬದಲಾದರೂ ಪ್ರಸಂಗದ ಈ ಹಂದರ ಸ್ಥಿರವಾಗಿದೆ. ಹಿ.ಚಿ. ಬೋರಲಿಂಗಯ್ಯ ಮೊದಲಾದ ಸಂಪಾದಕರ ಶ್ರಮದಿಂದ ಕಾವ್ಯವು ಮುದ್ರಿತ ರೂಪದಲ್ಲಿಯೂ ದೊರೆಯುತ್ತದೆ. ಎಚ್.ಎಸ್. ಶಿವಪ್ರಕಾಶರ ‘ಮಂಟೇಸ್ವಾಮಿ ಕಥಾಪ್ರಸಂಗ’ ನಾಟಕದಿಂದ ಈ ಪರಂಪರೆ ರಂಗಭೂಮಿಗೂ ಬಂದಿದೆ.

ಈ ಪ್ರಸಂಗವನ್ನು ವಿದ್ವಾಂಸರು ಬಹುಮಟ್ಟಿಗೆ ಕುಲಗಳ ಸಂಘರ್ಷವಾಗಿ, ಉಳ್ಳವರ ಅಹಂಕಾರಭಂಗದ ಕಥೆಯಾಗಿ ಓದಿದ್ದಾರೆ. ಆ ಓದು ಸರಿಯಾದುದೇ. ಆದರೆ ಬೇಡಿದ ವಸ್ತು ಕಬ್ಬಿಣವೇ ಏಕೆ ಎಂಬುದನ್ನು ಅದು ಸಾಕಷ್ಟು ಗಮನಿಸಿಲ್ಲ. ಭಿಕ್ಷೆ ಎಂದರೆ ನಮ್ಮ ಪರಂಪರೆಯಲ್ಲಿ ಸಾಮಾನ್ಯವಾಗಿ ಧಾನ್ಯ. ಧಾನ್ಯ ವರ್ಷವರ್ಷವೂ ಬೆಳೆಯುತ್ತದೆ. ಒಂದು ಹಿಡಿ ಕೊಟ್ಟವನಿಗೆ ಕೊರತೆಯಾಗದು. ಕಬ್ಬಿಣ ಹಾಗಲ್ಲ. ಅದಿರು, ಇದ್ದಿಲು, ತಿದಿ ಒತ್ತುವ ತೋಳು ಇವೆಲ್ಲ ಕೂಡಿದಾಗ ಮಾತ್ರ ಅದು ಹುಟ್ಟುತ್ತದೆ. ಅದನ್ನು ಹೊಂದಿದವನಿಗೆ ಹೊಲದ ಮೇಲೂ ಕಾಡಿನ ಮೇಲೂ ಯುದ್ಧದ ಮೇಲೂ ಹಿಡಿತವಿರುತ್ತದೆ. ಅದನ್ನೇ ಭಿಕ್ಷೆಯಾಗಿ ಕೇಳುವುದೆಂದರೆ ಅಂಥ ಹಿಡಿತದಲ್ಲಿ ಊರಿಗೂ ಪಾಲಿದೆ ಎಂದು ಸಾರುವುದು.

ಕಾವ್ಯವು ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಸೇರಿಸುತ್ತದೆ. ಸಿದ್ಧಪ್ಪಾಜಿ ಹುಟ್ಟಿನಿಂದ ಆಚಾರಿಗಳ ಮನೆಯವನೇ. ಅವನ ಪೂರ್ವದ ಹೆಸರು ಕೆಂಪಾಚಾರಿ. ಬೇಡುವವನು ಕಬ್ಬಿಣದ ಗುಣವನ್ನು ಅರಿಯದ ಹೊರಗಿನವನಲ್ಲ. ಕುಲುಮೆಯ ಒಳಗನ್ನು ಬಲ್ಲವನೇ ಕುಲುಮೆಯ ಒಡೆತನವನ್ನು ಪ್ರಶ್ನಿಸುತ್ತಾನೆ. ಇದರಿಂದ ಪ್ರಸಂಗವು ಕಸುಬಿನ ನಿಂದೆಯಾಗದೆ, ಒಡೆತನದ ವಿಮರ್ಶೆಯಾಗಿ ನಿಲ್ಲುತ್ತದೆ. ಪರೀಕ್ಷೆಗೆ ಒಳಗಾಗುವುದು ಯಾವಾಗಲೂ ಬೇಡುವವನ ಮೈ ಎಂಬ ಸತ್ಯವನ್ನೂ ಅದು ಮರೆಮಾಚುವುದಿಲ್ಲ. ಪವಾಡವೆಂದು ಹಾಡುವಾಗಲೂ ನೀಲಗಾರನು ಆ ನೋವನ್ನು ನಿಧಾನವಾಗಿ, ವಿಸ್ತಾರವಾಗಿ ಹಾಡುತ್ತಾನೆ, ಅದನ್ನು ದಾಟಿಹೋಗುವುದಿಲ್ಲ.

ಒಡೆಯ, ಬೇಡುವವ, ಪರೀಕ್ಷೆ ಎಂಬ ಈ ಮೂರು ನೆಲೆಗಳು ಯುದ್ಧದ ಉಳಿಕೆಯನ್ನು ಓದಲು ಬೇಕಾದ ಅಳತೆಗೋಲನ್ನು ಒದಗಿಸುತ್ತವೆ.

4

ಈ ಅಳತೆಗೋಲಿನಿಂದ, ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಉದಾಹರಿಸಲ್ಪಡುವ ಲಾವೋಸ್ ದೇಶವನ್ನು ನೋಡಬಹುದು. 1964ರಿಂದ 1973ರವರೆಗೆ ಅಮೆರಿಕವು ಆ ಪುಟ್ಟ ದೇಶದ ಮೇಲೆ ಸುಮಾರು 5,80,000 ಬಾರಿ ವಿಮಾನದಾಳಿ ನಡೆಸಿ ಇಪ್ಪತ್ತು ಲಕ್ಷ ಟನ್ನಿಗೂ ಹೆಚ್ಚು ಬಾಂಬುಗಳನ್ನು ಸುರಿಸಿತು. ದೊಡ್ಡ ಕವಚದೊಳಗೆ ಅಡಗಿರುವ ಚೆಂಡಿನಾಕಾರದ ಸಣ್ಣ ಬಾಂಬುಗಳು ಸುಮಾರು 27 ಕೋಟಿ. ಅವುಗಳಲ್ಲಿ ಶೇಕಡಾ 30ರಷ್ಟು ಸಿಡಿಯದೆ ಉಳಿದವೆಂದು ಅಂದಾಜು. ಹಳ್ಳಿಗರು ಅವನ್ನು ‘ಬೊಂಬಿ’ ಎಂದು ಕರೆಯುತ್ತಾರೆ.

ಷಿಯೆಂಗ್ ಖ್ವಾಂಗ್ ಪ್ರಾಂತದ ಮನೆಗಳಲ್ಲಿ ಬಾಂಬಿನ ಕವಚಗಳು ಕಂಬಗಳಾಗಿವೆ, ಬೇಲಿಯಾಗಿವೆ, ಸೊಪ್ಪು ಬೆಳೆಯುವ ತೊಟ್ಟಿಗಳಾಗಿವೆ. ವಿಮಾನಗಳು ಉದುರಿಸಿದ ಇಂಧನದ ತೊಟ್ಟಿಗಳು ನದಿಯಲ್ಲಿ ದೋಣಿಗಳಾಗಿವೆ. ಕಮ್ಮಾರರು ಬಾಂಬಿನ ಉಕ್ಕಿನಿಂದ ಕತ್ತಿ, ಗುದ್ದಲಿಗಳನ್ನು ಬಡಿಯುತ್ತಾರೆ. ಬಾನ್ ನಾಫಿಯಾ ಎಂಬ ಹಳ್ಳಿಯಲ್ಲಿ 1970ರ ದಶಕದಿಂದ ಯುದ್ಧದ ಅಲ್ಯೂಮಿನಿಯಂ ಚೂರುಗಳನ್ನು ಮಣ್ಣಿನ ಒಲೆಯಲ್ಲಿ ಕರಗಿಸಿ, ಅಚ್ಚಿಗೆ ಎರೆದು ಚಮಚಗಳನ್ನು ಮಾಡುತ್ತಾರೆ. ಮೊದಲು ಅದು ಊಟದ ಚಮಚವಾಗಿತ್ತು. ಪ್ರವಾಸಿಗರು ಬಂದ ಮೇಲೆ ಕೈಕಡಗ, ಕೀಲಿಗೊಂಚಲುಗಳೂ ಆದವು.

ಈ ಚಿತ್ರಗಳು ಮನಸೆಳೆಯುತ್ತವೆ. ಆದರೆ ‘ಮರುಬಳಕೆ’ ಎಂಬ ಪದ ಇಲ್ಲಿ ಒಂದು ಆಯ್ಕೆಯ ಭಾವವನ್ನು ಸೇರಿಸುತ್ತದೆ. ಒಮ್ಮೆ ಬಳಸಿದವನೇ ಮತ್ತೊಮ್ಮೆ ಬಳಸಿದಾಗ ಅದು ಮರುಬಳಕೆ. ಬಾಂಬನ್ನು ಬಳಸಿದವನು ಬೇರೆ, ಅದರ ಕವಚದಿಂದ ಮನೆಗೆ ಕಂಬ ನಿಲ್ಲಿಸಿದವನು ಬೇರೆ. ಒಡೆಯನು ಆಕಾಶದಿಂದ ಎಸೆದು ಹೋದ ಲೋಹವನ್ನು ಬಡವನು ಹೊಲದಿಂದ ಹೆಕ್ಕುತ್ತಾನೆ. ಬೇಸಾಯಕ್ಕೆ ಅಗೆದರೆ ಅಪಾಯವಿರುವ ಹೊಲದಲ್ಲಿ ಗುಜರಿಗಾಗಿ ಅಗೆಯುವುದೂ ಬದುಕಿನ ದಾರಿಯಾಗುತ್ತದೆ. ಯುದ್ಧ ನಿಂತ ಮೇಲೆಯೂ ಅಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದಾರೆ ಅಥವಾ ಗಾಯಗೊಂಡಿದ್ದಾರೆ. ಅವರಲ್ಲಿ ದೊಡ್ಡ ಪಾಲು ಮಕ್ಕಳು. ಬೊಂಬಿಯು ಆಟದ ಚೆಂಡಿನಂತೆ ಕಾಣುತ್ತದೆ. ಪರೀಕ್ಷೆಗೆ ಒಳಗಾಗುವುದು ಬೇಡುವವನ ಮೈ ಎಂಬ ನೀಲಗಾರರ ಅರಿವು ಇಲ್ಲಿ ಅಕ್ಷರಶಃ ನಿಜವಾಗಿದೆ. ವ್ಯತ್ಯಾಸವೆಂದರೆ ಸಿದ್ಧಪ್ಪಾಜಿಯನ್ನು ಪವಾಡ ಕಾಯುತ್ತದೆ. ಗುಜರಿ ಹೆಕ್ಕುವ ಮಗುವನ್ನು ಕಾಯುವುದು ಸರ್ಕಾರಗಳ ಕರ್ತವ್ಯಪ್ರಜ್ಞೆ ಮಾತ್ರ.

ಆ ಕರ್ತವ್ಯವೂ ತಡವಾಗಿಯೇ ಎಚ್ಚೆತ್ತಿತು. ಲಾವೋಸಿನಲ್ಲಿ ಬಾಂಬು ತೆರವಿನ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದು 1996ರಲ್ಲಿ. ಗುಚ್ಛಬಾಂಬುಗಳನ್ನು ನಿಷೇಧಿಸುವ ಅಂತಾರಾಷ್ಟ್ರೀಯ ಒಪ್ಪಂದವು 2008ರಲ್ಲಿ ಸಹಿಗೆ ತೆರೆದು 2010ರಲ್ಲಿ ಜಾರಿಗೆ ಬಂದಿತು. ಅದರ ಮೊದಲ ಸಭೆ ಲಾವೋಸಿನ ರಾಜಧಾನಿಯಲ್ಲಿಯೇ ನಡೆಯಿತು. ಬಾಂಬು ಸುರಿಸಿದ ಅಮೆರಿಕ ಅದಕ್ಕೆ ಸಹಿ ಮಾಡಿಲ್ಲ. ಭಾರತವೂ ಮಾಡಿಲ್ಲ ಎಂಬುದನ್ನು ನಾವು ಮರೆಯಬಾರದು. ಕಾವ್ಯದ ಮಾತಿನಲ್ಲಿ ಹೇಳುವುದಾದರೆ, ಒಡೆಯನು ಇನ್ನೂ ತನ್ನ ಋಣವನ್ನು ಒಪ್ಪಿಕೊಂಡಿಲ್ಲ.

5

ಯುದ್ಧದ ವಸ್ತುವನ್ನು ಬೇರೆ ಕೆಲಸಕ್ಕೆ ತಿರುಗಿಸಿಕೊಳ್ಳುವುದರಲ್ಲಿ ಪ್ರಭುತ್ವವೂ ಹಿಂದೆ ಬಿದ್ದಿಲ್ಲ. ಮೈಸೂರು ದಸರೆಯಲ್ಲಿ ಅರಮನೆಯ ಫಿರಂಗಿಗಳಿಂದ 21 ಕುಶಾಲತೋಪುಗಳನ್ನು ಹಾರಿಸುತ್ತಾರೆ. ಕೊಲ್ಲುವ ಸದ್ದು ಗೌರವದ ಸದ್ದಾಗಿದೆ. ‘ಕುಶಾಲ’ ಎಂಬ ಪದವೇ ಆ ರೂಪಾಂತರವನ್ನು ಹೇಳುತ್ತದೆ. ಆ ಸದ್ದಿಗೆ ಬೆದರದಂತೆ ಆನೆ, ಕುದುರೆಗಳನ್ನು ಮೊದಲೇ ತಾಲೀಮಿನಿಂದ ಪಳಗಿಸಬೇಕಾಗುತ್ತದೆ. ವಿಜಯಪುರದ ಮಲಿಕ್-ಎ-ಮೈದಾನ್ ಫಿರಂಗಿಯ ಕಥೆ ಇದಕ್ಕೆ ವಿರುದ್ಧವಾದುದು. 1549ರಲ್ಲಿ ಅಹಮದ್‌ನಗರದಲ್ಲಿ ಎರಕಗೊಂಡ ಸುಮಾರು 55 ಟನ್ ತೂಕದ ಆ ಫಿರಂಗಿಯನ್ನು 1854ರಲ್ಲಿ ಬ್ರಿಟಿಷ್ ಆಡಳಿತ ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ. ಬೆಲೆ ತೀರ ಕಡಿಮೆಯಾಯಿತೆಂದು ಅದನ್ನು ಉಳಿಸಿಕೊಳ್ಳಲಾಯಿತು. ಇಂದು ಪರಂಪರೆಯೆನಿಸಿದ್ದು ಅಂದು ಗುಜರಿಯಾಗಿತ್ತು. ಶ್ರೀರಂಗಪಟ್ಟಣದ ಒಂದು ಮದ್ದಿನ ಮನೆಯನ್ನು 2017ರಲ್ಲಿ ಜೋಡಿ ರೈಲು ಹಳಿಗಾಗಿ ಬುಡಸಮೇತ ಎತ್ತಿ ಬೇರೆಡೆಗೆ ಸಾಗಿಸಿದಾಗ ತೋರಿದ ಎಚ್ಚರ ಪ್ರಶಂಸನೀಯವಾದುದು.

ಆದರೆ ಇದೇ ಕೆಲಸವನ್ನು ಹಳ್ಳಿ ಮಾಡಿದಾಗ ನಮ್ಮ ಸಂಶೋಧನೆಯ ಭಾಷೆ ಬದಲಾಗುತ್ತದೆ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ 1894ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದಂದಿನಿಂದ ವೀರಗಲ್ಲುಗಳ ಅಧ್ಯಯನ ಬೆಳೆದುಬಂದಿದೆ. ಕರ್ನಾಟಕದ ಹಳ್ಳಿಗಳಲ್ಲಿ ವೀರಗಲ್ಲು ಕಟ್ಟೆಗೆ ಆಸರೆಯಾದುದನ್ನು, ಬಟ್ಟೆ ಒಗೆಯುವ ಚಪ್ಪಡಿಯಾದುದನ್ನು ಕ್ಷೇತ್ರಕಾರ್ಯದ ಬರಹಗಳು ಹಳ್ಳಿಗರ ಅಜ್ಞಾನವೆಂದು ವಿಷಾದಿಸುತ್ತವೆ. ಲಾವೋಸಿನ ಚಮಚ ಸೃಜನಶೀಲತೆ, ನಮ್ಮೂರಿನ ಒಗೆಯುವ ಕಲ್ಲು ಅಜ್ಞಾನ! ಕಲ್ಲಿನ ಬರಹ ನಷ್ಟವಾಗಬಾರದೆಂಬ ಕಾಳಜಿ ಉಚಿತವೇ. ಆದರೆ ಯುದ್ಧದ ನೆನಪನ್ನು ಬದುಕಿನ ಅಗತ್ಯಕ್ಕೆ ಬಗ್ಗಿಸಿಕೊಳ್ಳುವ ಗ್ರಾಮದ ನಡೆಯನ್ನು ತಿಳಿಯದೆ ತೀರ್ಪು ಕೊಡುವುದು ಉಚಿತವಲ್ಲ.

ನಂಜನಗೂಡು ಟಿಪ್ಪುವನ್ನು ನೆನಪಿನಲ್ಲಿಟ್ಟುಕೊಂಡಿರುವ ಬಗೆ ಇದಕ್ಕೊಂದು ನಿದರ್ಶನ. ಪಟ್ಟದ ಆನೆಯ ಕಣ್ಣಿನ ಬೇನೆ ವಾಸಿಯಾದುದಕ್ಕೆ ಸುಲ್ತಾನನು ನಂಜುಂಡೇಶ್ವರನನ್ನು ‘ಹಕೀಂ ನಂಜುಂಡ’ ಎಂದು ಕರೆದು ಪಚ್ಚೆಯ ಲಿಂಗವನ್ನು ಅರ್ಪಿಸಿದನೆಂಬ ಐತಿಹ್ಯ ಅಲ್ಲಿ ಇಂದಿಗೂ ಜೀವಂತವಾಗಿದೆ. ರಾಕೆಟ್ಟಿನ ಸುಲ್ತಾನನನ್ನು ವೂಲ್‌ವಿಚ್‌ನ ಶಸ್ತ್ರಾಗಾರ ನೆನೆಯಿತು; ಬೇನೆ ವಾಸಿಯಾದುದಕ್ಕೆ ಋಣ ತೀರಿಸಿದ ಸುಲ್ತಾನನನ್ನು ಕಪಿಲೆಯ ದಂಡೆಯ ಊರು ನೆನೆಯಿತು. ಯುದ್ಧದಲ್ಲಿ ಉಳಿಯತಕ್ಕದ್ದು ಯಾವುದು ಎಂಬುದನ್ನು ಜನಪದ ಸ್ಮೃತಿ ತಾನೇ ಆರಿಸಿಕೊಳ್ಳುತ್ತದೆ.

6

ಮೇಲಿನ ಚರ್ಚೆಯಿಂದ ಕೆಲವು ಕರ್ತವ್ಯಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ರಾಕೆಟ್ಟುಗಳ ಪಕ್ಕದ ಫಲಕದಲ್ಲಿ ದೊರೆಯ ಹೆಸರಿನ ಜೊತೆಗೆ ಕುಲುಮೆಯ ಕಸುಬಿಗೂ ಸ್ಥಾನ ದೊರೆಯಬೇಕು. ಎರಡನೆಯದಾಗಿ, ಕಬ್ಬಿಣದ ಭಿಕ್ಷೆಯ ಪ್ರಸಂಗದ ಪಾಠಾಂತರಗಳನ್ನು, ಅವುಗಳಲ್ಲಿ ಬರುವ ಕುಲುಮೆ, ತಿದಿ, ಅಡಿಗಲ್ಲು, ಇಕ್ಕಳಗಳ ಪದಸಂಪತ್ತನ್ನು ಕಮ್ಮಾರರ ಬಾಯಿಂದಲೇ ಅರ್ಥ ತಿಳಿದು ಸಂಗ್ರಹಿಸಬೇಕು. ಕಾರ್ಖಾನೆಯ ಗುಳ, ಕುಡುಗೋಲುಗಳು ಬಂದ ಮೇಲೆ ಊರಿನ ಕುಲುಮೆಗಳು ಆರುತ್ತಿವೆ. ಮೂರನೆಯದಾಗಿ, ಯುದ್ಧದ ಉಳಿಕೆಯೊಡನೆ ಬದುಕುವ ಜನರನ್ನು ಕುರಿತು ಬರೆಯುವಾಗ ‘ಮರುಬಳಕೆ’ ಎಂಬ ಪದವನ್ನು ಒಡೆಯ, ಬೇಡುವವ, ಪರೀಕ್ಷೆ ಎಂಬ ಮೂರು ನೆಲೆಗಳಲ್ಲಿ ಒರೆಗೆ ಹಚ್ಚದೆ ಬಳಸಬಾರದು.

ಚಮಚವನ್ನು ಮೆಚ್ಚುವುದು ಸುಲಭ. ಅದರ ಲೋಹವನ್ನು ಹೆಕ್ಕಿದ ಕೈ ಪೂರ್ತಿಯಾಗಿ ಉಳಿದಿದೆಯೇ ಎಂದು ಕೇಳುವುದು ವಿಮರ್ಶೆಯ ಕೆಲಸ. ಹಲಗೂರಿನ ದಾರಿಯಲ್ಲಿ ನಡೆದ ಸಿದ್ಧಪ್ಪಾಜಿಯ ಕಥೆಯನ್ನು ನೀಲಗಾರರು ತಲೆಮಾರುಗಳಿಂದ ಹಾಡಿ ಈ ಪ್ರಶ್ನೆಯನ್ನು ಕಾಯ್ದುಕೊಂಡು ಬಂದಿದ್ದಾರೆ. ಅದನ್ನು ಶಾಸ್ತ್ರದ ಭಾಷೆಗೆ ತರುವ ಹೊಣೆ ಸಂಶೋಧಕರದು.