ಚಳಿಗಾಲದ ಮೊದಲ ಕಿಕ್

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ, 1973ರಿಂದೀಚೆಗೆ ಯೆಜ್ಡಿ ಎಂಬ ಹೆಸರು ಪಡೆದ ಟೂ-ಸ್ಟ್ರೋಕ್ ಬೈಕುಗಳನ್ನು ಇಂದಿಗೂ ಉಳಿಸಿಕೊಂಡವರಿಗೆ ನಿಜವಾದ ಪರೀಕ್ಷೆ ಎದುರಾಗುವುದು ಚಳಿಗಾಲದ ಬೆಳಗಿನಲ್ಲಿ. ಕಾಗವಾಡ ಸೀಮೆಯ ಮಂಗಸೂಳಿಯ ಸುತ್ತ ಕಬ್ಬು ನುರಿಸುವ ಹಂಗಾಮಿನಲ್ಲಿ, ನೀರುಂಡ ಹೊಲಗಳ ತಂಪು ಬಿಸಿಲೇರುವವರೆಗೂ ಇಳಿಯದಿರುವಾಗ ಎಂಜಿನ್ ಮಾತು ಕೇಳದಿದ್ದರೆ, ಕೈ ಮೊದಲು ಹೋಗುವುದು ಕಾರ್ಬುರೇಟರಿನ ಸ್ಕ್ರೂಗಳತ್ತ. ಆದರೆ ಹಿಂದಿನ ಸಂಜೆ ಸರಿಯಾಗಿ ಓಡಿದ ಬೈಕಿನ ಸ್ಕ್ರೂ ರಾತ್ರೋರಾತ್ರಿ ತಾನಾಗಿ ತಿರುಗುವುದಿಲ್ಲ.

ಪೆಟ್ರೋಲ್ ದ್ರವವಾಗಿದ್ದಾಗ ಸರಿಯಾಗಿ ಉರಿಯದು, ಆವಿಯಾಗಿ ಗಾಳಿಯೊಡನೆ ಬೆರೆತಾಗಲೇ ಉರಿಯುತ್ತದೆ. ತಣ್ಣಗಿನ ಎಂಜಿನ್ನಿನಲ್ಲಿ ಅದರ ಸ್ವಲ್ಪ ಭಾಗವಷ್ಟೇ ಆವಿಯಾಗುವುದರಿಂದ, ಆ ಕೊರತೆ ತುಂಬಲು ಹೆಚ್ಚು ಪೆಟ್ರೋಲ್ ಹರಿಸಬೇಕಾಗುತ್ತದೆ. ಹಳೆಯ ಜಾವಾದಲ್ಲಿ ಈ ಕೆಲಸ ಟಿಕ್ಲರಿನದು, ಅಂದರೆ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟನ್ನು ಕೆಳಗೆ ಒತ್ತಿ ಮಟ್ಟವನ್ನು ಬೇಕೆಂದೇ ಏರಿಸುವ ಪುಟ್ಟ ಗುಂಡಿಯದು. ಅದನ್ನು ಒತ್ತಿದ ಮೇಲೆ, ಇಗ್ನಿಷನ್ ಆಫ್ ಇರುವಾಗಲೇ ಒಂದೆರಡು ಬಾರಿ ನಿಧಾನವಾಗಿ ತುಳಿದು ಮಿಶ್ರಣವನ್ನು ಒಳಗೆಳೆದುಕೊಂಡು, ಅನಂತರ ಕೀ ತಿರುಗಿಸಿ ಬಲವಾಗಿ ಕಿಕ್ ಮಾಡಬೇಕು. ಆಗ ಆಕ್ಸಿಲರೇಟರನ್ನು ಪೂರ್ತಿ ತಿರುವಿದರೆ ಪೈಲಟ್ ಜೆಟ್ಟಿನ, ಅಂದರೆ ನಿಧಾನಗತಿಗೆ ಪೆಟ್ರೋಲ್ ಒದಗಿಸುವ ಸಣ್ಣ ರಂಧ್ರದ, ಮೇಲಿನ ಸೆಳೆತ ಕುಗ್ಗಿ, ಆತುರವೇ ಅಡ್ಡಿಯಾಗುತ್ತದೆ.

ಇಷ್ಟಾದರೂ ಎಂಜಿನ್ ಏಳದಿದ್ದರೆ ಪ್ಲಗ್ ಬಿಚ್ಚಿ ನೋಡುವುದೇ ಸರಿಯಾದ ದಾರಿ. ಪ್ಲಗ್ ಒದ್ದೆಯಾಗಿದ್ದರೆ ಪೆಟ್ರೋಲ್ ತಲುಪಿದೆ, ತಪ್ಪು ಕಿಡಿಯಲ್ಲಿದೆ, ಇಲ್ಲವೇ ಪೆಟ್ರೋಲ್ ಅತಿಯಾಗಿದೆ. ಸೊರಗಿದ 6 ವೋಲ್ಟ್ ಬ್ಯಾಟರಿ ಅಥವಾ ಮಸುಕಾದ ಪಾಯಿಂಟುಗಳು, ಅಂದರೆ ಕಿಡಿಗಾಗಿ ವಿದ್ಯುತ್ತನ್ನು ಕಡಿಯುವ ಸಂಪರ್ಕಗಳು, ನೀಲಿ ಕಿಡಿಯ ಬದಲು ಬಡಕಲು ಹಳದಿ ಕಿಡಿಯನ್ನು ಕೊಡುತ್ತವೆ; ಪಾಯಿಂಟುಗಳ ಅಂತರ 0.4 ಮಿಲಿಮೀಟರ್ ಇರಬೇಕೆಂಬ ನಿಯಮವನ್ನು ಕಣ್ಣಳತೆಗೆ ಬಿಡದೆ ಫೀಲರ್ ಗೇಜಿನಿಂದ ಅಳೆಯುವುದು ಲೇಸು. ರಾತ್ರಿಯಿಡೀ ಪೆಟ್ರೋಲ್ ಕಾಕ್ ತೆರೆದೇ ಇದ್ದರೆ ಕ್ರ್ಯಾಂಕ್‌ಕೇಸಿನೊಳಗೆ ಪೆಟ್ರೋಲ್ ಸೇರಿರಬಹುದು. ಆಗ ಕಾಕ್ ಮುಚ್ಚಿ, ಪ್ಲಗ್ ಬಿಚ್ಚಿಟ್ಟು, ಆಕ್ಸಿಲರೇಟರನ್ನು ಪೂರ್ತಿ ತೆರೆದು, ಇಗ್ನಿಷನ್ ಆಫ್ ಮಾಡಿ ಹಲವು ಬಾರಿ ತುಳಿದರೆ ಒಳಗಿನ ಪೆಟ್ರೋಲ್ ಹೊರಹೋಗುತ್ತದೆ.

ಪ್ಲಗ್ ಒಣಗಿದ್ದರೆ ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ, ಕಾಕ್‌ನ ಜಾಲರಿ, ಪೈಲಟ್ ಜೆಟ್ ಇವನ್ನು ಇದೇ ಕ್ರಮದಲ್ಲಿ ನೋಡಬೇಕು. ಟೂ-ಸ್ಟ್ರೋಕ್ ಎಂಜಿನ್ನಿಗೆ ಆಯಿಲ್ ಬೆರೆಸಿದ ಪೆಟ್ರೋಲನ್ನೇ ತುಂಬುವುದರಿಂದ, ವಾರಗಟ್ಟಲೆ ನಿಂತ ಬೈಕಿನಲ್ಲಿ ಪೆಟ್ರೋಲ್ ಆವಿಯಾಗಿ ಆಯಿಲ್ ಮಾತ್ರ ಉಳಿದು ಆ ಜೆಟ್ಟನ್ನೇ ಕಟ್ಟಿಬಿಡುತ್ತದೆ.

ಇವೆಲ್ಲ ಹಳೆಯ ಮೆಕ್ಯಾನಿಕ್‌ಗಳಿಗೆ ಗೊತ್ತಿದ್ದ ಕಾರಣಗಳು. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ಪಡೆದ, ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಅವಕ್ಕೆ ಇನ್ನೊಂದನ್ನು ಸೇರಿಸಿದೆ, ಮತ್ತು ಕಬ್ಬಿನಿಂದಲೂ ತಯಾರಾಗುವ ಆ ಎಥೆನಾಲ್ ಕಾಗವಾಡ ಸೀಮೆಗೆ ಪರಕೀಯವೇನಲ್ಲ. ಎಥೆನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಕು. ಒಂದು ಭಾಗ ಪೆಟ್ರೋಲ್ ಉರಿಯಲು ತೂಕದಲ್ಲಿ 14.7 ಭಾಗ ಗಾಳಿ ಬೇಕಾದರೆ ಎಥೆನಾಲಿಗೆ ಸುಮಾರು 9 ಭಾಗ ಸಾಕು, ಆದ್ದರಿಂದ ಹಳೆಯ ಜೆಟ್ಟಿನ ಮೂಲಕ ಬಂದ ಮಿಶ್ರಣದಲ್ಲಿ ಗಾಳಿ ಮಿಕ್ಕು ಇಂಧನ ತೆಳುವಾಗುತ್ತದೆ. ಸ್ಕ್ರೂ ತಿರುಗಿಸುವುದಕ್ಕೆ ನ್ಯಾಯವಾದ ಕಾರಣ ಸಿಗುವುದು ಇಲ್ಲಿ ಮಾತ್ರ. ಎಥೆನಾಲ್ ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪುಗಳನ್ನೂ ಕೆಡಿಸುತ್ತದೆ. ಹಾಗಾಗಿ ಅದನ್ನು ತಾಳುವ ಪೈಪುಗಳನ್ನು ಹಾಕಿಸಿ, ಬೈಕನ್ನು ಬಹುದಿನ ನಿಲ್ಲಿಸುವಾಗ ಕಾಕ್ ಮುಚ್ಚಿ ಕಾರ್ಬುರೇಟರಿನ ಬಟ್ಟಲನ್ನು ಬರಿದು ಮಾಡಿಡಬೇಕು.