ಶ್ವಾಸಕೋಶದ ಕ್ಯಾನ್ಸರಿನಲ್ಲಿ ಜೈವಿಕ ಸೂಚಕಗಳ ಪ್ರಾಮಾಣ್ಯ

ಗೆಡ್ಡೆಯಲ್ಲಿರುವ ಯಾವುದಾದರೊಂದು ಪದಾರ್ಥವನ್ನು ಅಳೆದು, ಶ್ವಾಸಕೋಶದ ಕ್ಯಾನ್ಸರಿಗೆ ತುತ್ತಾದವರ ಆಯುಸ್ಸನ್ನು ಕುರಿತು ನಿರ್ಣಯ ಹೇಳುವ ಪ್ರಬಂಧಗಳು ಈಗ ಹೇರಳವಾಗಿ ಪ್ರಕಟವಾಗುತ್ತಿವೆ. ಇಂತಹ ಪದಾರ್ಥಕ್ಕೆ ಜೈವಿಕ ಸೂಚಕವೆಂದು ಹೆಸರು. ರೋಗದ ಗತಿಯನ್ನು ತಿಳಿಸುವುದು ಒಂದು, ಔಷಧದ ಫಲವನ್ನು ಮುಂದಾಗಿ ತಿಳಿಸುವುದು ಇನ್ನೊಂದು. ಇವೆರಡನ್ನೂ ಬೆರೆಸಿ ಹೇಳುವ ವಾಡಿಕೆಗೆ ನಮ್ಮ ಆಕ್ಷೇಪವಿದೆ.

ಇ.ಆರ್.ಸಿ.ಸಿ. ೧ ಎಂಬ ಪ್ರೋಟೀನಿನ ವೃತ್ತಾಂತ ಇದಕ್ಕೆ ತಕ್ಕ ನಿದರ್ಶನ. ಡಿ.ಎನ್.ಎ.ಗೆ ಒದಗಿದ ಹಾನಿಯನ್ನು ಸರಿಪಡಿಸುವುದರಲ್ಲಿ ಈ ಪ್ರೋಟೀನಿನ ಪಾತ್ರವುಂಟು. ಸಿಸ್‌ಪ್ಲಾಟಿನ್ ಔಷಧವಾದರೋ ಆ ಡಿ.ಎನ್.ಎ.ಯನ್ನೇ ಕೆಡಿಸಿ ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತದೆ. ಆದುದರಿಂದ ಪ್ರೋಟೀನು ಹೆಚ್ಚಿರುವಲ್ಲಿ ಔಷಧ ಫಲಿಸದೆಂಬ ಊಹೆ ಯುಕ್ತವೇ ಸರಿ. ಓಲೌಸೆನ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಯಾದ ೭೬೧ ರೋಗಿಗಳ ಗೆಡ್ಡೆಗಳನ್ನು ಪರೀಕ್ಷಿಸಿ, ೨೦೦೬ರಲ್ಲಿ ಅದಕ್ಕೆ ಅನುಗುಣವಾದ ಫಲಿತಾಂಶವನ್ನೇ ಪ್ರಕಟಿಸಿದರು. ಪ್ರೋಟೀನು ಕಡಮೆಯಿದ್ದವರ ಆಯುಸ್ಸು ಸಿಸ್‌ಪ್ಲಾಟಿನ್ ಚಿಕಿತ್ಸೆಯಿಂದ ಹೆಚ್ಚಿತು; ಹೆಚ್ಚಿದ್ದವರಿಗೆ ಪ್ರಯೋಜನ ಕಾಣಲಿಲ್ಲ. ಆದರೆ ಔಷಧವನ್ನು ಪಡೆಯದವರಲ್ಲಿ ಪ್ರೋಟೀನು ಹೆಚ್ಚಿದ್ದವರೇ ದೀರ್ಘಕಾಲ ಬದುಕಿದರು. ಒಂದೇ ಸೂಚಕವು ಒಂದು ಪ್ರಶ್ನೆಗೆ ಶುಭವನ್ನೂ ಮತ್ತೊಂದಕ್ಕೆ ಅಶುಭವನ್ನೂ ನುಡಿಯಿತು.

೨೦೧೩ರಲ್ಲಿ ಬೇರೆ ಎರಡು ಚಿಕಿತ್ಸಾಪ್ರಯೋಗಗಳ ೪೯೪ ರೋಗಿಗಳ ಮಾದರಿಗಳನ್ನು ಪರೀಕ್ಷಿಸಿದಾಗ ಔಷಧಫಲದ ಸೂಚನೆ ದೃಢಪಡಲಿಲ್ಲ. ಪ್ರೋಟೀನನ್ನು ಗುರುತಿಸಲು ಬಳಸಿದ್ದ ಪ್ರತಿಕಾಯದ ವರ್ತನೆಯೇ ೨೦೦೬ರಿಂದೀಚೆಗೆ ಬದಲಾಗಿದ್ದಂತೆ ತೋರಿತು. ಈ ಪ್ರೋಟೀನಿಗೆ ನಾಲ್ಕು ರೂಪಗಳಿದ್ದು, ದುರಸ್ತಿಯ ಪೂರ್ಣ ಸಾಮರ್ಥ್ಯವಿರುವುದು ಒಂದಕ್ಕೆ ಮಾತ್ರ. ಪರೀಕ್ಷಿಸಿದ ೧೬ ಪ್ರತಿಕಾಯಗಳಲ್ಲಿ ಒಂದೂ ಅವುಗಳನ್ನು ಬೇರ್ಪಡಿಸಿ ತೋರಿಸಲಾರದಾಯಿತು. ಈ ಮರುಪರೀಕ್ಷೆಯಲ್ಲಿ ಓಲೌಸೆನ್ ಅವರೂ ಭಾಗಿಗಳಾಗಿದ್ದುದು ಶ್ಲಾಘ್ಯ. ಅಂತಹ ಅಳತೆಯನ್ನು ನಂಬಿ ರೋಗಿಗೆ ಔಷಧವನ್ನು ನಿರಾಕರಿಸಿದರೆ ಆಗುವ ನಷ್ಟ ಪ್ರಾಣದ್ದು.

ಹಾಗೆಂದು ಸೂಚಕಗಳೆಲ್ಲವೂ ನಿಷ್ಪ್ರಯೋಜಕವಲ್ಲ. ಪೂರ್ವ ಏಷ್ಯಾದಲ್ಲಿ ನಡೆದು ೨೦೦೯ರಲ್ಲಿ ಪ್ರಕಟವಾದ ಐಪಾಸ್ ಪ್ರಯೋಗದಲ್ಲಿ ಗೆಫಿಟಿನಿಬ್ ಔಷಧವನ್ನು ರೂಢಿಯ ಕೀಮೋಥೆರಪಿಯೊಡನೆ ಹೋಲಿಸಲಾಯಿತು. ಇ.ಜಿ.ಎಫ್.ಆರ್. ಜೀನಿನಲ್ಲಿ ಉತ್ಪರಿವರ್ತನೆಯಾಗಿದ್ದವರಲ್ಲಿ ರೋಗ ಮುಂದುವರಿಯುವ ಅಪಾಯ ಗೆಫಿಟಿನಿಬ್‌ನಿಂದ ಸುಮಾರು ಅರ್ಧಕ್ಕಿಳಿಯಿತು; ಉತ್ಪರಿವರ್ತನೆಯಿಲ್ಲದವರಲ್ಲಿ ಸುಮಾರು ಮೂರು ಪಟ್ಟಾಯಿತು. ಎರಡು ಗುಂಪುಗಳಲ್ಲಿಯೂ ಎರಡು ಚಿಕಿತ್ಸೆಗಳನ್ನು ಹೋಲಿಸಿದ್ದರಿಂದಲೇ ಈ ನಿರ್ಣಯಕ್ಕೆ ಬಲ ಬಂದಿತು. ಆದರೂ ಇಲ್ಲಿ ಒಟ್ಟು ಆಯುಸ್ಸಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲವೆಂಬುದನ್ನೂ ಮರೆಯಲಾಗದು; ಮೊದಲ ಚಿಕಿತ್ಸೆ ವಿಫಲವಾದ ಮೇಲೆ ಅನೇಕರು ಇನ್ನೊಂದನ್ನು ಪಡೆದಿದ್ದರು.

ಆದಕಾರಣ ಇಂತಹ ಪ್ರಬಂಧವನ್ನು ಓದುವ ವಿದ್ಯಾರ್ಥಿಯು ಮೂರು ಪ್ರಶ್ನೆಗಳನ್ನು ಕೇಳಬೇಕೆಂಬುದು ನಮ್ಮ ಮತ. ಔಷಧ ಪಡೆಯದವರೊಡನೆ ಅಥವಾ ಬೇರೆ ಚಿಕಿತ್ಸೆ ಪಡೆದವರೊಡನೆ ಹೋಲಿಕೆ ಇದೆಯೆ? ಬೇರೆ ರೋಗಿಗಳಲ್ಲಿ ಫಲಿತಾಂಶ ಮರಳಿ ದೊರೆತಿದೆಯೆ? ಅಳೆಯಬೇಕಾದುದನ್ನೇ ಅಳೆಯಲಾಗಿದೆಯೆ? ಈ ಮೂರಕ್ಕೂ ಉತ್ತರ ದೊರೆಯುವವರೆಗೆ ಸೂಚಕವನ್ನು ಊಹೆಯೆಂದೇ ಎಣಿಸುವುದು ಲೇಸು.